ಹೈಸ್ಕೂಲ್ ಪಾಠಕ್ಕೆ ಯಾವ ಡಿಜಿಟಲ್ ಆಟ? ಕೊಡಗಿನ ಮಳೆ, ಕರೆಂಟು, ನೆಟ್‌ವರ್ಕ್ ಲೆಕ್ಕ ಹಾಕಿ ಒಂದು ಹೋಲಿಕೆ

"ಸರ್, ಕಹೂಟ್ ಒಳ್ಳೆಯದಾ, ಕ್ವಿಜಿಜ್ ಒಳ್ಳೆಯದಾ?" ಎರಡೂ ತರಗತಿಯಲ್ಲಿ ರಸಪ್ರಶ್ನೆ ಆಡಿಸುವ ಆ್ಯಪ್‌ಗಳು. ತರಬೇತಿಗೆ ಹೋದರೂ, ಶಿಕ್ಷಕರ ವಾಟ್ಸಾಪ್ ಗುಂಪು ತೆರೆದರೂ ಈ ಪ್ರಶ್ನೆ ತಪ್ಪಿದ್ದಲ್ಲ. ಉತ್ತರವಾಗಿ ಯಾರೋ ಒಂದು ಪಟ್ಟಿ ಕಳಿಸುತ್ತಾರೆ. ಹತ್ತು ಆ್ಯಪ್, ಹತ್ತೂ ಅದ್ಭುತ. ಆದರೆ ಜುಲೈ ತಿಂಗಳಲ್ಲಿ, ಭಾಗಮಂಡಲದ ಕಡೆಯ ಒಂದು ಹೈಸ್ಕೂಲಿನಲ್ಲಿ, ಮರ ಬಿದ್ದು ಲೈನ್ ಹೋಗಿ ಎರಡು ದಿನವಾಗಿರುವಾಗ ಆ ಪಟ್ಟಿ ಇಟ್ಟುಕೊಂಡು ಏನು ಮಾಡೋದು?

ನಾನು ಗಣಿತ, ವಿಜ್ಞಾನ ಕಲಿಸುವವನು. ನನ್ನನ್ನು ಕೇಳಿದರೆ ಆ್ಯಪ್ ಹೆಸರು ಹೇಳುವ ಮೊದಲು ನಾನೇ ತಿರುಗಿ ಮೂರು ವಿಷಯ ಕೇಳುತ್ತೇನೆ. ನಿಮ್ಮ ಶಾಲೆಯಲ್ಲಿ ಕೆಲಸ ಮಾಡುವ ಸಾಧನ ಎಷ್ಟಿವೆ? ಬಂದಿರುವುದು ಎಷ್ಟು ಅಂತಲ್ಲ, ಇವತ್ತು ಆನ್ ಆಗುವುದು ಎಷ್ಟು. ಮಳೆಗಾಲದಲ್ಲಿ ನೆಟ್ ನಂಬಬಹುದಾ? ಮಕ್ಕಳು ಪಾಠದ ಯಾವ ಜಾಗದಲ್ಲಿ ಎಡವುತ್ತಿದ್ದಾರೆ? ಈ ಮೂರನೆಯದನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. "ಮಕ್ಕಳಿಗೆ ಬೋರ್ ಆಗ್ತಿದೆ, ಏನಾದ್ರೂ ಗೇಮ್ ಹಾಕೋಣ" ಅನ್ನುವಲ್ಲಿಗೆ ಯೋಚನೆ ನಿಂತುಬಿಡುತ್ತದೆ.

ಅವಸರದಲ್ಲಿರುವವರಿಗೆ ನನ್ನ ತೀರ್ಮಾನ ಈಗಲೇ ಹೇಳುತ್ತೇನೆ. ಸಾಮಾನ್ಯ ಸರ್ಕಾರಿ ಅಥವಾ ಅನುದಾನಿತ ಹೈಸ್ಕೂಲಿಗೆ ಮೊದಲು ಪ್ಲಿಕರ್ಸ್ ಕಾರ್ಡು (ಮಕ್ಕಳು ಎತ್ತಿ ಹಿಡಿದು ಉತ್ತರ ತೋರಿಸುವ ಕಾಗದ), ಜೊತೆಗೆ ಪೆನ್‌ಡ್ರೈವಿನಲ್ಲಿ ಫೆಟ್ ಸಿಮ್ಯುಲೇಷನ್‌ಗಳು, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು. ಕಂಪ್ಯೂಟರ್ ಲ್ಯಾಬ್ ಇದ್ದರೆ ಮಕ್ಕಳೇ ಆಟ ಕಟ್ಟುವ ಸ್ಕ್ರಾಚ್. ಕಹೂಟ್ ಆಗೊಮ್ಮೆ ಈಗೊಮ್ಮೆ. ಬ್ಲಾಕು ಜೋಡಿಸಿ ಜಗತ್ತು ಕಟ್ಟುವ ಮೈನ್‌ಕ್ರಾಫ್ಟ್ ಸದ್ಯಕ್ಕೆ ಬೇಡ. ಯಾಕೆ ಅಂತ ತಿಳಿಯಬೇಕಾದವರು ಮುಂದೆ ಓದಿ.

ಕೇಳುವ ಆಟ, ಮಾಡುವ ಆಟ

ಕಲಿಕೆಯ ಆಟ ಅಂತ ಕರೆಯುವುದರಲ್ಲಿ ಎರಡು ಜಾತಿ. ಒಂದು, ಪ್ರಶ್ನೆ ಕೇಳುವ ಆಟ: ಕಹೂಟ್, ಕ್ವಿಜಿಜ್, ಪ್ಲಿಕರ್ಸ್, ಬ್ಲೂಕೆಟ್ ಎಲ್ಲ ಇದರಲ್ಲೇ ಬರುತ್ತವೆ. ನಾಲ್ಕು ಆಯ್ಕೆ, ಒಂದು ಸರಿ ಉತ್ತರ, ಅಂಕ, ಸಂಗೀತ. ಇನ್ನೊಂದು, ಆಡುವ ಕೆಲಸದೊಳಗೇ ಪಾಠ ಇರುವ ಆಟ. ಸರ್ಕ್ಯೂಟ್ ಜೋಡಿಸದೆ ಬಲ್ಬ್ ಉರಿಯುವುದಿಲ್ಲ, ಕೈವಾರ ಸರಿಯಾದ ಜಾಗದಲ್ಲಿ ಇಡದೆ ಮುಂದಿನ ಹಂತ ತೆರೆಯುವುದಿಲ್ಲ.

ಮೊದಲನೆಯದು ಮಗುವಿಗೆ ಏನು ಗೊತ್ತಿದೆ ಅಂತ ತೋರಿಸುತ್ತದೆ. ಕಲಿಸುವುದು ಕಡಿಮೆ. ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿ ನಡೆಯುವಾಗ ಸ್ಕೋರ್‌ಬೋರ್ಡ್ ಎಷ್ಟು ಹೊತ್ತು ನೋಡಿದರೂ ಸ್ಟಿಕ್ ಹಿಡಿಯಲು ಬರುವುದಿಲ್ಲ ಅಲ್ವಾ, ಹಾಗೆ. ಸ್ಕೋರ್‌ಬೋರ್ಡ್ ಬೇಡ ಅಂತ ಅಲ್ಲ. ಅದಿಲ್ಲದೆ ಎಲ್ಲಿದ್ದೇವೆ ಅಂತ ಗೊತ್ತಾಗದು. ಆದರೆ ಕಹೂಟ್ ಆಡಿಸಿ "ಇವತ್ತು ಗೇಮ್ ಮೂಲಕ ಕಲಿಸಿದೆ" ಅಂದುಕೊಂಡರೆ ಅದು ನಮಗೆ ನಾವೇ ಹೇಳಿಕೊಳ್ಳುವ ಸುಳ್ಳು.

ಸಂಶೋಧನೆ ಏನು ಹೇಳುತ್ತದೆ ಅಂತ ಕೇಳುವವರೂ ಇರುತ್ತಾರೆ. ನೆದರ್ಲೆಂಡ್ಸ್‌ನ ಸಂಶೋಧಕರು ಆವರೆಗಿನ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ 2013ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಕಲಿಕೆಗೆಂದೇ ಮಾಡಿದ ಆಟಗಳಿಂದ ಕಲಿಕೆಯೂ ಜಾಸ್ತಿ, ಕಲಿತದ್ದು ನೆನಪಿನಲ್ಲಿ ಉಳಿಯುವುದೂ ಜಾಸ್ತಿ ಅಂತ ಅದರಲ್ಲಿ ಕಂಡಿತು. ಆದರೆ ಆಸಕ್ತಿಯಲ್ಲಿ, ಉತ್ಸಾಹದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಾವು ಅಂದುಕೊಂಡದ್ದಕ್ಕೆ ಪೂರ್ತಿ ಉಲ್ಟಾ! ಆಟದ ಜೊತೆಗೆ ಬೇರೆ ರೀತಿಯ ಪಾಠವೂ ಇದ್ದಾಗ, ಒಂದೇ ಸಲಕ್ಕೆ ಮುಗಿಸದೆ ಮತ್ತೆ ಮತ್ತೆ ಆಡಿದಾಗ, ಗುಂಪಾಗಿ ಆಡಿದಾಗ ಫಲ ಹೆಚ್ಚು ಅಂತಲೂ ಅವರು ಕಂಡುಕೊಂಡರು. ನನಗೆ ಈ ಕೊನೆಯ ಮಾತು ತುಂಬಾ ಮುಖ್ಯ, ಯಾಕಂದ್ರೆ ಹತ್ತು ಮಕ್ಕಳಿಗೆ ಒಂದು ಕಂಪ್ಯೂಟರ್ ಇರುವ ನಮ್ಮ ಶಾಲೆಗಳಲ್ಲಿ ಗುಂಪಾಗಿ ಆಡುವುದು ಬಿಟ್ಟರೆ ಬೇರೆ ದಾರಿಯೇ ಇಲ್ಲ.

ಕಹೂಟ್, ಕ್ವಿಜಿಜ್

ಕಹೂಟ್ ನಾರ್ವೆಯದು, 2013ರಲ್ಲಿ ಬಂತು. ಪ್ರಶ್ನೆ ದೊಡ್ಡ ಪರದೆಯ ಮೇಲೆ, ಉತ್ತರ ಒತ್ತುವ ಬಣ್ಣದ ಚೌಕಗಳು ಮಕ್ಕಳ ಕೈಯ ಫೋನಿನ ಮೇಲೆ. ಅಂದರೆ ಪ್ರೊಜೆಕ್ಟರೂ ಬೇಕು, ಫೋನುಗಳೂ ಬೇಕು, ಎರಡೂ ಕಡೆ ನೆಟ್ಟೂ ಬೇಕು. ಮಕ್ಕಳು ಶಾಲೆಗೆ ಫೋನ್ ತರಬಾರದು ಅಂತ ಹೆಚ್ಚಿನ ಶಾಲೆಗಳ ನಿಯಮ. ಮನೆಯಲ್ಲಿ ಇರುವುದೂ ಒಂದೇ ಫೋನು, ಅದು ಅಪ್ಪನ ಜೊತೆ ತೋಟಕ್ಕೆ ಹೋಗಿರುತ್ತದೆ. ಹಾಗಾಗಿ ಶಿಕ್ಷಕರ ಫೋನುಗಳನ್ನೇ ಕೂಡಿಸಿ, ಗುಂಪಿಗೆ ಒಂದರಂತೆ ಕೊಟ್ಟು ಆಡಿಸಬೇಕು. ಅದಕ್ಕೆ ಕಹೂಟ್‌ನಲ್ಲಿ ತಂಡದ ವ್ಯವಸ್ಥೆಯೂ ಇದೆ.

ನನ್ನ ತಕರಾರು ಬೇರೆ. ಕಹೂಟ್‌ನಲ್ಲಿ ಬೇಗ ಒತ್ತಿದವರಿಗೆ ಜಾಸ್ತಿ ಅಂಕ. ಮಾಮೂಲಿ ಲೆಕ್ಕದಲ್ಲಿ ಸರಿ ಉತ್ತರಕ್ಕೆ ಗರಿಷ್ಠ 1000 ಅಂಕ, ತಡ ಮಾಡುತ್ತಾ ಹೋದರೆ ಅದು 500ರ ತನಕ ಇಳಿಯುತ್ತದೆ. ಈಗ ನಮ್ಮ ಒಂದು ತರಗತಿ ನೋಡಿ. ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆಯವರು, ಮಲಯಾಳದವರು, ತಮಿಳಿನವರು, ಹಾಡಿಯಿಂದ ಬರುವ ಯರವ ಮಕ್ಕಳು, ಲೈನ್ ಮನೆಗಳಲ್ಲಿರುವ ಅಸ್ಸಾಮಿನ ಕಾರ್ಮಿಕರ ಮಕ್ಕಳು. ಎಲ್ಲರೂ ಕನ್ನಡದಲ್ಲೇ ಪ್ರಶ್ನೆ ಓದಬೇಕು. ಉತ್ತರ ಗೊತ್ತಿದ್ದರೂ ಓದಿ ಮುಗಿಸುವುದರೊಳಗೆ ಅಂಕ ಅರ್ಧ ಹೋಗಿರುತ್ತದೆ. ಎರಡು ಸಲ ಹೀಗಾದರೆ ಆ ಮಗು ಓದದೆ ಸುಮ್ನೆ ಯಾವುದೋ ಒಂದು ಬಣ್ಣ ಒತ್ತಲು ಶುರು ಮಾಡುತ್ತದೆ. ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಒಂದು ಪ್ರಶ್ನೆಗೆ 4 ನಿಮಿಷದ ತನಕ ಸಮಯ ಕೊಡಬಹುದು, ಅಂಕವನ್ನೇ ತೆಗೆದುಬಿಡಬಹುದು. ಹಾಗೆ ಮಾಡಿದರೆ ಕಹೂಟ್‌ನ ಅರ್ಧ ಮಜಾ ಹೋಯಿತು ಅನ್ನುವವರಿದ್ದಾರೆ. ಹೋಗಲಿ ಬಿಡಿ. ಉಚಿತ ಖಾತೆಯಲ್ಲಿ ಎಷ್ಟು ಜನ ಆಡಬಹುದು ಎಂಬ ಮಿತಿಯೂ ಆಗಾಗ ಬದಲಾಗುತ್ತದೆ. ಪಾಠದ ಹಿಂದಿನ ಸಂಜೆ ಒಮ್ಮೆ ತೆರೆದು ನೋಡಿಕೊಳ್ಳಿ.

ಕ್ವಿಜಿಜ್ ನಮ್ಮ ಬೆಂಗಳೂರಿನಲ್ಲಿ 2015ರಲ್ಲಿ ಹುಟ್ಟಿದ್ದು. 2025ರಲ್ಲಿ ವೇಗ್ರೌಂಡ್ ಅಂತ ಹೆಸರು ಬದಲಾಯಿಸಿಕೊಂಡಿದೆ. ಹಳೇ ಹೆಸರಲ್ಲಿ ಹುಡುಕಿ "ಆ್ಯಪ್ ಮಾಯ ಆಗಿದೆ" ಅಂತ ಗಾಬರಿಯಾಗಬೇಡಿ. ಇದರಲ್ಲಿ ಪ್ರಶ್ನೆಯೂ ಮಗುವಿನ ಪರದೆಯ ಮೇಲೇ ಬರುತ್ತದೆ, ಪ್ರತಿ ಮಗು ತನ್ನ ವೇಗದಲ್ಲಿ ಹೋಗಬಹುದು, ಟೈಮರ್ ತೆಗೆಯಬಹುದು, ಮನೆಗೆಲಸವಾಗಿಯೂ ಕೊಡಬಹುದು. ಓದುವ ವೇಗದಲ್ಲಿ ತುಂಬಾ ವ್ಯತ್ಯಾಸ ಇರುವ ತರಗತಿಗೆ ಕಹೂಟ್‌ಗಿಂತ ಇದೇ ವಾಸಿ. ಆದರೆ ಮನೆಗೆಲಸವಾಗಿ ಕೊಡುವ ಮುಂಚೆ ಒಂದು ಯೋಚಿಸಿ. ಮಡಿಕೇರಿ ಪೇಟೆಯ ಮಗು ರಾತ್ರಿ ಮಾಡಿ ಮುಗಿಸುತ್ತದೆ. ತೋಟದೊಳಗಿನ ಮನೆಯ ಮಗು ಸಿಗ್ನಲ್ ಹುಡುಕಿಕೊಂಡು ರಸ್ತೆ ತನಕ ಬರಬೇಕು, ಅದೂ ಆನೆ ಓಡಾಡುವ ಹೊತ್ತಿನಲ್ಲಿ. ಅಂಕ ಕೊಡುವ ಮನೆಗೆಲಸವನ್ನು ಇದರಲ್ಲಿ ಕೊಡಲೇಬಾರದು ಅನ್ನುವುದು ನನ್ನ ಅಭಿಪ್ರಾಯ. 2020ರಲ್ಲಿ ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನ ಶಿಕ್ಷಕರೊಬ್ಬರು ಆನ್‌ಲೈನ್ ಪಾಠಕ್ಕೆ ನೆಟ್‌ವರ್ಕ್ ಸಿಗಲಿ ಅಂತ ಮಾವಿನ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡಿದ್ದರು. ಪೇಪರಿನಲ್ಲೆಲ್ಲ ಬಂತು, ಎಲ್ಲರೂ ಮೆಚ್ಚಿದೆವು. ಆದರೆ ಮಕ್ಕಳಿಗೆಲ್ಲ ಮರ ಹತ್ತಿ ಅಂತ ಹೇಳಲಾಗುವುದಿಲ್ಲವಲ್ಲ.

ಪ್ಲಿಕರ್ಸ್: ಒಂದೇ ಫೋನು ಸಾಕು

ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದಂಥದ್ದು ಇದು. ಮಕ್ಕಳ ಕೈಯಲ್ಲಿ ಫೋನಿಲ್ಲ, ಒಂದೊಂದು ಕಾಗದದ ಕಾರ್ಡು. ಕಾರ್ಡಿನ ಮಧ್ಯೆ ಕಪ್ಪು ಬಿಳುಪಿನ ಚೌಕ ಚೌಕದ ಚಿತ್ರ, ಕ್ಯೂಆರ್ ಕೋಡಿನ ದೊಡ್ಡ ತಮ್ಮನ ಹಾಗೆ ಕಾಣುತ್ತದೆ. ನಾಲ್ಕು ಬದಿಗಳಲ್ಲಿ ಸಣ್ಣದಾಗಿ ಎ, ಬಿ, ಸಿ, ಡಿ ಅಕ್ಷರ. ಉತ್ತರ ಬಿ ಅನಿಸಿದರೆ ಬಿ ಇರುವ ಬದಿ ಮೇಲೆ ಬರುವ ಹಾಗೆ ಕಾರ್ಡು ತಿರುಗಿಸಿ ಎತ್ತಿ ಹಿಡಿಯಬೇಕು. ನೀವು ನಿಮ್ಮ ಫೋನಿನ ಕ್ಯಾಮೆರಾವನ್ನು ತರಗತಿಯ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಆಡಿಸಿದರೆ ಯಾರ ಉತ್ತರ ಏನು ಅಂತ ಫೋನಿನಲ್ಲಿ ಮೂಡುತ್ತದೆ. ಒಬ್ಬೊಬ್ಬರ ಕಾರ್ಡಿನ ಚಿತ್ರ ಒಂದೊಂದು ತರಹ ಇರುವುದರಿಂದ ಪಕ್ಕದವನ ಕಾರ್ಡು ನೋಡಿ ಹಾಗೇ ಹಿಡಿದರೆ ಉತ್ತರ ಹೊಂದುವುದಿಲ್ಲ. ಅಕ್ಷರ ಸಣ್ಣದಿರುವುದರಿಂದ ಹಿಂದಿನ ಬೆಂಚಿನವರಿಗೆ ಮುಂದಿನವರ ಉತ್ತರ ಕಾಣುವುದೂ ಇಲ್ಲ.

ಇದರ ನಿಜವಾದ ಲಾಭ ಇರುವುದು ಇಲ್ಲೇ. ಮಾಮೂಲಿಯಾಗಿ "ಅರ್ಥ ಆಯ್ತಾ?" ಅಂತ ಕೇಳಿದರೆ ಇಡೀ ತರಗತಿ "ಆಯ್ತು ಸಾರ್" ಅನ್ನುತ್ತದೆ. ಕೈ ಎತ್ತುವವರು ಯಾವಾಗಲೂ ಅದೇ ಐದಾರು ಜನ. ಇಲ್ಲಿ ಎಲ್ಲರೂ ಉತ್ತರ ಕೊಡಲೇಬೇಕು, ತಪ್ಪಾದರೂ ಯಾರ ಮುಂದೆಯೂ ಅವಮಾನವಿಲ್ಲ. ಅರ್ಧಕ್ಕಿಂತ ಜಾಸ್ತಿ ಮಂದಿ ಒಂದೇ ತಪ್ಪು ಆಯ್ಕೆ ಹಿಡಿದಿದ್ದರೆ ಅದು ನಿಮ್ಮ ಪಾಠದ ತೊಡಕು ಎಲ್ಲಿದೆ ಅಂತ ಬೆರಳಿಟ್ಟು ತೋರಿಸುತ್ತದೆ. ಆದ್ದರಿಂದ ತಪ್ಪು ಆಯ್ಕೆಗಳನ್ನು ಯೋಚಿಸಿ ಬರೆಯಿರಿ. ಸಮಾಂತರ ಜೋಡಣೆಯಲ್ಲಿ ಎರಡು ರೋಧಕ ಇದ್ದರೆ ಒಟ್ಟು ರೋಧ ಎಷ್ಟು ಅಂತ ಕೇಳಿದಾಗ, ಸುಮ್ಮನೆ ಕೂಡಿಸಿದರೆ ಬರುವ ಉತ್ತರ ಒಂದು ಆಯ್ಕೆಯಾಗಿ ಇರಲೇಬೇಕು.

ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದರೂ ನಡೆಯುತ್ತದೆ, ಪ್ರೊಜೆಕ್ಟರ್ ಕಡ್ಡಾಯವಲ್ಲ. ನೆಟ್ ಬೇಕು, ಆದರೆ ಒಂದೇ ಫೋನಿಗೆ. ಕಿಟಕಿ ಹತ್ತಿರ ಒಂದು ಕಡ್ಡಿ ಸಿಗ್ನಲ್ ಸಿಗುವ ಜಾಗ ಪ್ರತಿ ಶಾಲೆಯಲ್ಲೂ ಇರುತ್ತದೆ, ಅಲ್ಲಿ ನಿಂತುಕೊಳ್ಳಿ. ಉಚಿತ ಖಾತೆಯಲ್ಲಿ ಪ್ರಶ್ನೆಗಳ ಸಂಖ್ಯೆಗೆ ಮಿತಿ ಇದೆ, ಒಂದು ಪೀರಿಯಡ್‌ಗೆ ನಾಲ್ಕೈದು ಪ್ರಶ್ನೆ ಧಾರಾಳವಾಯಿತು.

ತೊಂದರೆಗಳೂ ಇವೆ. ಕರೆಂಟಿಲ್ಲದ ಮಳೆಯ ದಿನ ಹೆಂಚಿನ ಕಟ್ಟಡದ ಹಿಂದಿನ ಬೆಂಚು ಕತ್ತಲು ಕತ್ತಲು. ಕ್ಯಾಮೆರಾ ತಡಕಾಡುತ್ತದೆ. ಮಕ್ಕಳು ಕಾರ್ಡಿನ ಮಧ್ಯಕ್ಕೇ ಹೆಬ್ಬೆಟ್ಟು ಒತ್ತಿ ಹಿಡಿಯುತ್ತಾರೆ, ಆಗ ಚಿತ್ರ ಮುಚ್ಚಿಹೋಗಿ ಆ ಉತ್ತರ ದಾಖಲಾಗುವುದಿಲ್ಲ. ಅಂಚಿನಲ್ಲಿ ಹಿಡಿಯಲು ಕಲಿಸಬೇಕು. ಬರೀ ಕಾಗದದಲ್ಲಿ ಪ್ರಿಂಟ್ ತೆಗೆದರೆ ಆಗಸ್ಟ್ ಬರುವಷ್ಟರಲ್ಲಿ ಬೂಷ್ಟು ಹಿಡಿದು ಮುದುಡುತ್ತದೆ. ಹಾಗಂತ ಹೊಳೆಯುವ ಲ್ಯಾಮಿನೇಷನ್ ಮಾಡಿಸಬೇಡಿ, ಟ್ಯೂಬ್‌ಲೈಟ್ ಬೆಳಕು ಅದರ ಮೇಲೆ ಬಿದ್ದು ಕ್ಯಾಮೆರಾಗೆ ಬಿಳಿ ಪಟ್ಟಿ ಮಾತ್ರ ಕಾಣುತ್ತದೆ. ಮ್ಯಾಟ್ ಲ್ಯಾಮಿನೇಷನ್ ಕೇಳಿ, ಇಲ್ಲವೇ ದಪ್ಪ ರಟ್ಟಿಗೆ ಅಂಟಿಸಿ.

ಕ್ವಿಜಿಜ್‌ನವರೂ ಇಂಥದ್ದೇ ಕಾಗದದ ವ್ಯವಸ್ಥೆ ತಂದಿದ್ದಾರೆ. ಈಗಾಗಲೇ ಅದರಲ್ಲಿ ಪ್ರಶ್ನೆ ಮಾಡಿಟ್ಟುಕೊಂಡವರಿಗೆ ಅದೇ ಸಾಕು.

ಫೆಟ್: ಬೆಂಕಿ ಹತ್ತುವ ಬ್ಯಾಟರಿ

ಇನ್ನು ಮಾಡುವ ಆಟಗಳು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ವೀಮನ್ ಎಂಬ ಭೌತವಿಜ್ಞಾನಿ 2002ರಲ್ಲಿ ಫೆಟ್ ಯೋಜನೆ ಶುರು ಮಾಡಿದರು. ಅದರ ಹಿಂದಿನ ವರ್ಷವಷ್ಟೇ ಅವರಿಗೆ ನೊಬೆಲ್ ಬಂದಿತ್ತು. ಎಲ್ಲ ಉಚಿತ. ಎಚ್‌ಟಿಎಂಎಲ್ ರೂಪದಲ್ಲಿರುವ ಸಿಮ್ಯುಲೇಷನ್‌ಗಳಲ್ಲಿ ಒಂದೊಂದೂ ಒಂದೊಂದು ಫೈಲು. ಪೇಟೆಗೆ ಹೋದಾಗ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತಂದರೆ ನೆಟ್ ಇಲ್ಲದ ಕಂಪ್ಯೂಟರಿನ ಬ್ರೌಸರಿನಲ್ಲೂ ತೆರೆಯುತ್ತದೆ. ಕೆಲವಕ್ಕೆ ಕನ್ನಡ ಅನುವಾದವೂ ಇದೆ. ಕೊಡಗಿನ ಜೂನ್ ತಿಂಗಳಿಗೆ ಇಷ್ಟು ಗುಣ ಇದ್ದರೆ ಉಳಿದದ್ದನ್ನು ನಾನು ಜಾಸ್ತಿ ಕೇಳುವುದಿಲ್ಲ.

"ಇದು ಆಟ ಅಲ್ಲ, ಸಿಮ್ಯುಲೇಷನ್" ಅಂತ ತಕರಾರು ತೆಗೆಯುವವರಿದ್ದಾರೆ. ಸರಿ, ಕೆಲವದರಲ್ಲಿ ನೇರವಾಗಿ ಆಟದ ಭಾಗವೇ ಇದೆ. 10ನೇ ತರಗತಿ ವಿಜ್ಞಾನದ ಮೊದಲ ಪಾಠ ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು. ಸಮೀಕರಣ ಸರಿದೂಗಿಸುವಾಗ ಮಕ್ಕಳು ಮಾಡುವ ಮಾಮೂಲಿ ತಪ್ಪು ಏನು? ಆಕ್ಸಿಜನ್ ಒಂದು ಕಡಿಮೆ ಬಂತು ಅಂತ ನೀರಿನ ಸೂತ್ರದ ಒಳಗೇ ಕೈ ಹಾಕಿ ಆಕ್ಸಿಜನ್‌ಗೆ 2 ಬರೆದುಬಿಡುತ್ತಾರೆ. ಲೆಕ್ಕ ಕೂಡಿ ಬರುತ್ತದೆ, ಆದರೆ ಬಂದದ್ದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್! ಫೆಟ್‌ನ ಸಮೀಕರಣ ಸರಿದೂಗಿಸುವ ಆಟದಲ್ಲಿ ಸೂತ್ರದ ಒಳಗೆ ಕೈ ಹಾಕಲು ಆಗುವುದೇ ಇಲ್ಲ. ಸೂತ್ರದ ಎದುರಿಗಿರುವ ಸಂಖ್ಯೆಯನ್ನು ಮಾತ್ರ ಏರಿಸಬಹುದು, ಇಳಿಸಬಹುದು. ಏರಿಸಿದಾಗ ಇಡೀ ಅಣುವೇ ಇನ್ನೊಂದು ಬಂದು ಡಬ್ಬಿಯಲ್ಲಿ ಕೂರುವುದು ಕಣ್ಣಿಗೆ ಕಾಣುತ್ತದೆ. ಮೊದಲ ಪ್ರಯತ್ನಕ್ಕೇ ಸರಿಯಾದರೆ ಹೆಚ್ಚು ಅಂಕ, ಎರಡನೆಯದಕ್ಕೆ ಕಡಿಮೆ. ಅರ್ಧ ಪೀರಿಯಡ್ ಹಲಗೆಯ ಮೇಲೆ ಬಡಿದುಕೊಂಡರೂ ಇಳಿಯದ ವಿಷಯ ಇಲ್ಲಿ ಬೇಗ ಇಳಿಯುತ್ತದೆ. ಯಾಕಂದ್ರೆ ಆಟದ ನಿಯಮವೂ ರಸಾಯನಶಾಸ್ತ್ರದ ನಿಯಮವೂ ಒಂದೇ. ಒಂದು ಆಟ ಒಳ್ಳೆಯದಾ ಅಂತ ನೋಡಲು ನನ್ನ ಅಳತೆಗೋಲು ಇದು: ಗೆಲ್ಲಲು ಪಾಠ ಬೇಕೇ ಬೇಕಾ, ಅಥವಾ ಪಾಠ ಬಿಟ್ಟೂ ಗೆಲ್ಲಬಹುದಾ?

ವಿದ್ಯುಚ್ಛಕ್ತಿ ಪಾಠಕ್ಕೆ ಸರ್ಕ್ಯೂಟ್ ಜೋಡಿಸುವ ಸಿಮ್ಯುಲೇಷನ್ ಇದೆ. ಬಲ್ಬು, ತಂತಿ, ಬ್ಯಾಟರಿ, ಅಮ್ಮೀಟರು ಎಳೆದು ತಂದು ಜೋಡಿಸಬೇಕು. ಮಕ್ಕಳು ಮೊದಲು ಮಾಡುವುದು ಬ್ಯಾಟರಿಯ ಎರಡು ತುದಿಗೂ ಬರೀ ತಂತಿ ಸಿಕ್ಕಿಸುವುದು. ಪರದೆಯ ಮೇಲೆ ಬೆಂಕಿ ಹತ್ತಿಕೊಳ್ಳುತ್ತದೆ. ತರಗತಿಯಿಡೀ ಕೂಗಾಟ. ಕೂಗಲು ಬಿಡಿ. ಆಮೇಲೆ "ಯಾಕೆ ಹತ್ತಿತು?" ಅಂತ ಕೇಳಿ. ಶಾರ್ಟ್ ಸರ್ಕ್ಯೂಟ್, ರೋಧ, ಫ್ಯೂಸ್ ಮೂರೂ ಅಲ್ಲಿಂದಲೇ ಹೊರಡುತ್ತವೆ. ಆದರೆ ಇದರಲ್ಲಿ ಗುರಿ ಅಂತ ಏನೂ ಇಲ್ಲ, ಅದನ್ನು ನೀವೇ ಕೊಡಬೇಕು. "ಮೂರು ಬಲ್ಬು ಉರಿಯಬೇಕು, ಒಂದನ್ನು ತೆಗೆದರೆ ಉಳಿದೆರಡೂ ಆರಬಾರದು" ಅಂತ ಸವಾಲು ಹಾಕಿದರೆ ಅದು ಆಟ. ಸವಾಲಿಲ್ಲದೆ ಬಿಟ್ಟರೆ ಪೀರಿಯಡ್ ಪೂರ್ತಿ ಬೆಂಕಿಯೇ.

ಗಣಿತಕ್ಕೆ

ರೇಖಾಗಣಿತದ ರಚನೆಗಳಿಗೆ ಯೂಕ್ಲಿಡಿಯಾ ಅನ್ನುವ ಆಟ ನನಗೆ ಇಷ್ಟ. ಮೊದಲ ಹಂತ 60 ಡಿಗ್ರಿ ಕೋನ, ಆಮೇಲೆ ಲಂಬಾರ್ಧಕ, ಮಧ್ಯಬಿಂದು, ಹೀಗೆ ಏರುತ್ತದೆ. ಶುರುವಿಗೆ ಕೊಟ್ಟಿರುವುದು ಗೆರೆ ಮತ್ತು ವೃತ್ತ ಎಳೆಯುವ ಸಾಧನ ಮಾತ್ರ, ಕೋನಮಾಪಕ ಇಲ್ಲ. ರಚನೆ ಸರಿಯಾದರೆ ಸಾಲದು, ಎಷ್ಟು ಕಡಿಮೆ ಹೆಜ್ಜೆಯಲ್ಲಿ ಮಾಡಿದೆ ಅನ್ನುವುದಕ್ಕೂ ನಕ್ಷತ್ರ. ಪುಸ್ತಕದ ಹಂತಗಳನ್ನು ಬಾಯಿಪಾಠ ಮಾಡಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಓದುವ ಪದ ತೀರಾ ಕಡಿಮೆ, ಹಾಗಾಗಿ ಭಾಷೆಯ ತೊಡಕೂ ಕಡಿಮೆ. ಮುಂದಿನ ಹಂತಗಳು ನಮಗೇ ಬೆವರಿಳಿಸುತ್ತವೆ, ಆ ಮಾತು ಬೇರೆ.

ಬೀಜಗಣಿತಕ್ಕೆ ಡ್ರ್ಯಾಗನ್‌ಬಾಕ್ಸ್ ಚೆನ್ನಾಗಿದೆ. ಚಿತ್ರಗಳಿಂದ ಶುರುವಾಗಿ ಮೆಲ್ಲಗೆ ಎಕ್ಸ್, ಸಂಖ್ಯೆಗಳಿಗೆ ಜಾರುತ್ತದೆ. ಆದರೆ ಅದು ಈಗ ಕಹೂಟ್ ಕಂಪನಿಯ ಕೈಯಲ್ಲಿದೆ, ಚಂದಾ ಕಟ್ಟಬೇಕು. ಸರ್ಕಾರಿ ಶಾಲೆಗೆ ಆಗುವ ಮಾತಲ್ಲ. ಗಣಿತದ ಚಿತ್ರ, ಗ್ರಾಫ್ ಬರೆಯುವ ಜಿಯೋಜೀಬ್ರಾ ಆಟ ಅಲ್ಲದಿದ್ದರೂ ಉಚಿತ, ಆಫ್‌ಲೈನ್ ನಡೆಯುತ್ತದೆ, ಬಹಳ ಶಿಕ್ಷಕರಿಗೆ ಈಗಾಗಲೇ ತರಬೇತಿಯೂ ಆಗಿದೆ. ಹೊಸದನ್ನು ಹುಡುಕುವ ಮೊದಲು ಕೈಯಲ್ಲಿರುವುದನ್ನು ನೋಡಿ.

ಆಡುವ ಬದಲು ಕಟ್ಟುವುದು: ಸ್ಕ್ರಾಚ್

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಬಿಟ್ಟ ಸ್ಕ್ರಾಚ್‌ನಲ್ಲಿ ಮಕ್ಕಳು ಆಟವನ್ನು ತಾವೇ ಕಟ್ಟುತ್ತಾರೆ. ಬಣ್ಣದ ಬ್ಲಾಕುಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಪ್ರೋಗ್ರಾಂ. ಆಫ್‌ಲೈನ್ ಆವೃತ್ತಿ ಇದೆ, ಹಳೇ ಲ್ಯಾಬ್ ಕಂಪ್ಯೂಟರಿನಲ್ಲೂ ಹೇಗೋ ಓಡುತ್ತದೆ.

9ನೇ ತರಗತಿಯ ಹುಡುಗಿಯೊಬ್ಬಳು ಕಟ್ಟಿದ ಆಟ ಹೇಳುತ್ತೇನೆ. ತೋಟಕ್ಕೆ ಆನೆ ಬರುತ್ತದೆ, ಶಾಲೆಯಿಂದ ಮನೆಗೆ ಹೋಗುವ ಮಗು ಅದಕ್ಕೆ ಸಿಗಬಾರದು. ಸ್ಕ್ರಾಚ್ ವೇದಿಕೆಯಲ್ಲಿ ಅಡ್ಡಕ್ಕೆ ಎಕ್ಸ್ ಬೆಲೆ -240ರಿಂದ 240, ಉದ್ದಕ್ಕೆ ವೈ ಬೆಲೆ -180ರಿಂದ 180. ಆನೆ ಬಲಗಡೆಯಿಂದ ಬರಬೇಕು ಅಂದರೆ ಎಕ್ಸ್ 240ರಲ್ಲಿ ನಿಲ್ಲಿಸಬೇಕು, ಎಡಕ್ಕೆ ನಡೆಯಬೇಕು ಅಂದರೆ ಎಕ್ಸ್ ಬೆಲೆಯನ್ನು ಪ್ರತಿ ಸಲ -5ರಷ್ಟು ಬದಲಿಸಬೇಕು. "ಮೈನಸ್ ಯಾಕೆ ಸಾರ್?" ಅಂತ ಕೇಳಲಿಲ್ಲ. ಪ್ಲಸ್ ಹಾಕಿ ನೋಡಿದಳು, ಆನೆ ಪರದೆಯ ಅಂಚಿಗೆ ಒತ್ತಿಕೊಂಡು ಅಲ್ಲೇ ನಿಂತಿತು, ತಾನೇ ಬದಲಿಸಿದಳು. ಆಮೇಲೆ ನಡೆಸುವ ಬ್ಲಾಕು ಹಾಕಿ, ಅಂಚಿಗೆ ತಾಗಿದರೆ ವಾಪಸ್ ತಿರುಗಿಸುವ ಬ್ಲಾಕನ್ನೂ ಸೇರಿಸಿದಾಗ ಆನೆ ತಲೆಕೆಳಗಾಗಿ, ಕಾಲು ಮೇಲೆ ಮಾಡಿಕೊಂಡು ವಾಪಸ್ ಹೊರಟಿತು. ಎಲ್ಲರೂ ನಕ್ಕರು. ಎಡ-ಬಲ ಮಾತ್ರ ತಿರುಗುವ ಹಾಗೆ ಬದಲಿಸುವುದು ಎಲ್ಲಿ ಅಂತ ಪಕ್ಕದ ಹುಡುಗ ಹುಡುಕಿ ಕೊಟ್ಟ. ನಿರ್ದೇಶಾಂಕ ರೇಖಾಗಣಿತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಗೊತ್ತಿಲ್ಲ.

ಆದರೆ ಸ್ಕ್ರಾಚ್ ಸಮಯ ತಿನ್ನುತ್ತದೆ. ಒಂದು ಪೀರಿಯಡ್‌ನಲ್ಲಿ ಏನೂ ಆಗುವುದಿಲ್ಲ. 10ನೇ ತರಗತಿಗೆ ಬೇಡ, ಅವರಿಗೆ ಎಸ್‌ಎಸ್‌ಎಲ್‌ಸಿ ತಲೆಬಿಸಿಯೇ ಸಾಕಷ್ಟಿದೆ. 8 ಮತ್ತು 9ನೇ ತರಗತಿಗೆ, ಶನಿವಾರದ ಕ್ಲಬ್ ಚಟುವಟಿಕೆಯಾಗಿ ಇಟ್ಟುಕೊಳ್ಳಿ. ಅಟಲ್ ಟಿಂಕರಿಂಗ್ ಲ್ಯಾಬ್ (ಮಕ್ಕಳು ಕೈಯಾರೆ ಮಾಡಿ ಕಲಿಯುವ ಪ್ರಯೋಗಶಾಲೆ) ಇರುವ ಶಾಲೆಯಾದರೆ ಅಲ್ಲಿಂದಲೇ ಶುರು ಮಾಡಬಹುದು.

ಮೈನ್‌ಕ್ರಾಫ್ಟ್ ಬಗ್ಗೆ ಮಕ್ಕಳೇ ಜಾಸ್ತಿ ಕೇಳುತ್ತಾರೆ. ಅದರ ಶಿಕ್ಷಣದ ಆವೃತ್ತಿ 2016ರಲ್ಲಿ ಬಂತು, ಒಳ್ಳೆಯದೇ. ಆದರೆ ಪ್ರತಿ ಮಗುವಿಗೂ ಲೈಸೆನ್ಸು, ಮೈಕ್ರೋಸಾಫ್ಟ್ ಶಾಲಾ ಖಾತೆ, ತಕ್ಕಮಟ್ಟಿಗೆ ಹೊಸ ಕಂಪ್ಯೂಟರು ಎಲ್ಲ ಬೇಕು. ಜೊತೆಗೆ ಅದರ ಜಗತ್ತಿನಲ್ಲಿ ಮಕ್ಕಳು ಪಾಠ ಬಿಟ್ಟು ಮನೆ ಕಟ್ಟಲು ಹೊರಟರೆ ವಾಪಸ್ ಕರೆಯುವುದು ಕಷ್ಟ. ದುಡ್ಡಿರುವ ಖಾಸಗಿ ಶಾಲೆಗಳು ನೋಡಿಕೊಳ್ಳಲಿ.

ನಿಮ್ಮ ಶಾಲೆಗೆ ಯಾವುದು?

ಶಿಕ್ಷಕರ ಒಂದು ಫೋನು ಬಿಟ್ಟರೆ ಏನೂ ಇಲ್ಲ ಅನ್ನುವ ಶಾಲೆಗೆ ಪ್ಲಿಕರ್ಸ್, ಅಷ್ಟೇ. ಬೇರೆ ಯೋಚನೆಯೇ ಬೇಡ.

ಒಂದು ಪ್ರೊಜೆಕ್ಟರೋ ಸ್ಮಾರ್ಟ್ ಬೋರ್ಡೋ ಇದ್ದರೆ ಫೆಟ್ ಸೇರಿಸಿ. 2016-17ರಿಂದ ತಂತ್ರಜ್ಞಾನ ಬಳಸಿ ಕಲಿಸುವ ಸರ್ಕಾರದ ಟಾಲ್ಪ್ ಯೋಜನೆಯಡಿ ಹಲವು ಸರ್ಕಾರಿ ಹೈಸ್ಕೂಲುಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದಿವೆ. ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದರೆ ಹೆಡ್‌ಮಾಸ್ಟರ್ ಹತ್ತಿರ ಕೀ ಕೇಳಿ. ಒಂದು ಪರದೆ ಇದ್ದಾಗ ಮೌಸ್ ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಬೇಡಿ. ಗುಂಪುಗಳು ಚರ್ಚೆ ಮಾಡಿ ಹೇಳಲಿ, ಗುಂಪಿನಿಂದ ಒಬ್ಬರು ಬಂದು ಮಾಡಲಿ. ತಪ್ಪಾದರೆ ಮುಂದಿನ ಗುಂಪಿಗೆ ಅವಕಾಶ. ಈ ರೀತಿ ಆಡಿಸಿದರೆ ನಲವತ್ತು ಮಕ್ಕಳಿಗೂ ಒಂದು ಲ್ಯಾಪ್‌ಟಾಪ್ ಸಾಕಾಗುತ್ತದೆ.

ಹತ್ತು ಹನ್ನೆರಡು ಕಂಪ್ಯೂಟರಿನ ಲ್ಯಾಬ್ ಇದ್ದರೆ ಕೊಲಿಬ್ರಿ ಅನ್ನುವ ಉಚಿತ ಸಾಫ್ಟ್‌ವೇರ್ ನೋಡಿ. ಒಂದು ಕಂಪ್ಯೂಟರಿಗೆ ಒಮ್ಮೆ ಎಲ್ಲ ಇಳಿಸಿಟ್ಟರೆ ಉಳಿದವು ಶಾಲೆಯೊಳಗಿನ ವೈಫೈ ಮೂಲಕ ಅದರಿಂದ ತೆಗೆದುಕೊಳ್ಳುತ್ತವೆ, ಹೊರಗಿನ ನೆಟ್ ಬೇಡ. ಫೆಟ್‌ನವೂ ಅದರಲ್ಲಿ ಸಿಗುತ್ತವೆ. ಹಾಕಿಕೊಡಲು ಕಂಪ್ಯೂಟರ್ ಗೊತ್ತಿರುವ ಹಳೇ ವಿದ್ಯಾರ್ಥಿ ಒಬ್ಬರನ್ನು ಹಿಡಿಯಿರಿ, ಪ್ರತಿ ಊರಲ್ಲೂ ಒಬ್ಬರು ಬೆಂಗಳೂರಿನಿಂದ ಪುತ್ತರಿ ಹಬ್ಬಕ್ಕೋ ಕಾವೇರಿ ಸಂಕ್ರಮಣಕ್ಕೋ ಊರಿಗೆ ಬಂದೇ ಬರುತ್ತಾರೆ.

ಕೂಡಿಗೆಯ ಸೈನಿಕ ಶಾಲೆ, ಗಾಳಿಬೀಡಿನ ನವೋದಯದಂಥ ವಸತಿ ಶಾಲೆಗಳ ಲೆಕ್ಕ ಬೇರೆ. ಮಕ್ಕಳು ಸಂಜೆಯೂ ಅಲ್ಲೇ ಇರುತ್ತಾರೆ, ಒಂದೇ ಯೋಜನೆಯನ್ನು ವಾರಗಟ್ಟಲೆ ಎಳೆಯಬಹುದು. ಸ್ಕ್ರಾಚ್‌ಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ವರ್ಷವನ್ನೂ ಭಾಗ ಮಾಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬದ ತನಕ ನೆಟ್ ಬೇಡದ್ದು, ಇಲ್ಲವೇ ಒಂದೇ ಫೋನಿಗೆ ನೆಟ್ ಸಾಕಾಗುವುದು ಮಾತ್ರ: ಪೆನ್‌ಡ್ರೈವಿನ ಫೆಟ್, ಆಫ್‌ಲೈನ್ ಸ್ಕ್ರಾಚ್, ಸಿಗ್ನಲ್ ಸಿಕ್ಕ ದಿನ ಪ್ಲಿಕರ್ಸ್. ಮಳೆ ರಜೆ ಸರಿದೂಗಿಸಲು ಶನಿವಾರ ಪೂರ್ತಿ ದಿನ ತರಗತಿ ಬಂದಾಗ ಮಧ್ಯಾಹ್ನದ ಮೇಲೆ ಮಕ್ಕಳು ತೂಕಡಿಸುತ್ತಾರಲ್ಲ, ಆ ಪೀರಿಯಡ್‌ಗಳಿಗೆ ಆಟ ಇಟ್ಟುಕೊಂಡರೆ ಎರಡೂ ಕೆಲಸ ಆಯಿತು. ಕಹೂಟ್, ಕ್ವಿಜಿಜ್ ಎಲ್ಲ ನವೆಂಬರ್ ಮೇಲೆ, ಪುನರಾವರ್ತನೆಗೆ.

ಸಮಯದ ಬಗ್ಗೆ ಒಂದು ಮಾತು. 40 ನಿಮಿಷದ ಪೀರಿಯಡ್‌ನಲ್ಲಿ ಆಟಕ್ಕೆ 15 ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ. ಜೋಡಿಸಿ ಶುರು ಮಾಡಲು 5 ನಿಮಿಷ ಹೋಗೇ ಹೋಗುತ್ತದೆ. ಉಳಿದದ್ದು ಮಾತಿಗೆ. "ನೀನು ಹಾಗೆ ಯಾಕೆ ಮಾಡಿದೆ?" ಅಂತ ಕೇಳಿ, ಉತ್ತರವನ್ನು ನೋಟ್ಸಿನಲ್ಲಿ ಅವರದ್ದೇ ಮಾತಿನಲ್ಲಿ ಬರೆಸಿ. ಆ ಬರಹವನ್ನು ರೂಪಣಾತ್ಮಕ ಮೌಲ್ಯಮಾಪನದ (ಎಫ್‌ಎ) ಚಟುವಟಿಕೆಯಾಗಿ ತೋರಿಸಬಹುದು. ಆಟದ ಅಂಕವನ್ನು ಮಾತ್ರ ಎಫ್‌ಎ ಅಂಕವಾಗಿ ಹಾಕಬೇಡಿ. ಹಾಕಿದ ದಿನದಿಂದ ಮಕ್ಕಳು ಆಡುವುದು ನಿಲ್ಲಿಸಿ ಕಾಪಿ ಹೊಡೆಯಲು ಶುರು ಮಾಡುತ್ತಾರೆ.

ಪೋಷಕರು ಬಂದು ಕೇಳಿದರೆ

ಕೇಳೇ ಕೇಳುತ್ತಾರೆ. "ಮನೇಲಿ ಮೊಬೈಲ್ ಬಿಡಿಸಕ್ಕೆ ಆಗ್ತಿಲ್ಲ, ನೀವು ಶಾಲೇಲೂ ಗೇಮ್ ಆಡಿಸ್ತೀರಾ ಸರ್?" ಸಿಟ್ಟು ಮಾಡಿಕೊಳ್ಳಬೇಡಿ, ಅವರ ಭಯ ಸುಳ್ಳಲ್ಲ. ಗೇಮ್ ಅಂದರೆ ಅವರ ಕಣ್ಣ ಮುಂದೆ ಬರುವುದು ರಮ್ಮಿ, ಗುಂಡು ಹಾರಿಸುವ ಆಟ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸಿದೆ, ಕಲಿಕೆಯ ಆಟಗಳಿಗೆ ಅದರಲ್ಲಿ ಅಡ್ಡಿಯಿಲ್ಲ ಅಂತ ತಿಳಿಸಿ. ಅದಕ್ಕಿಂತ ಒಳ್ಳೆಯದು ಪೋಷಕರ ಸಭೆಯ ದಿನ ಪ್ಲಿಕರ್ಸ್ ಕಾರ್ಡು ಅವರ ಕೈಗೇ ಕೊಟ್ಟು ಎರಡು ಪ್ರಶ್ನೆ ಕೇಳುವುದು. ಕಾಳುಮೆಣಸಿನ ರೇಟಿನ ಬಗ್ಗೆ ಒಂದು ಪ್ರಶ್ನೆ ಇರಲಿ, ಸಭೆಗೆ ಜೀವ ಬರುತ್ತದೆ.

ಮಕ್ಕಳ ಹೆಸರಲ್ಲಿ ಖಾತೆ ತೆರೆಸಬೇಡಿ. 2023ರ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಅಂತಿದೆ. ಕಹೂಟ್‌ಗೆ ಮಕ್ಕಳ ಖಾತೆ ಬೇಕಾಗಿಯೂ ಇಲ್ಲ, ಅಡ್ಡಹೆಸರು ಸಾಕು. ಪ್ಲಿಕರ್ಸ್‌ನಲ್ಲಿ ಪಟ್ಟಿಗೆ ಹೆಸರಿನ ಬದಲು ರೋಲ್ ನಂಬರ್ ಹಾಕಿ. ಜಾಹೀರಾತು ತುಂಬಿದ ಉಚಿತ ಕ್ವಿಜ್ ಆ್ಯಪ್‌ಗಳ ಹತ್ತಿರವೂ ಹೋಗಬೇಡಿ. ಪ್ರೊಜೆಕ್ಟರ್ ಮೇಲೆ ಯಾವ ಜಾಹೀರಾತು ಯಾವಾಗ ಬರುತ್ತದೋ ಹೇಳಲಾಗದು.

ಕೆಲಸ ಶುರು ಮಾಡುವುದು ಬೇಸಿಗೆ ರಜೆಯಲ್ಲೇ. ನಿಮ್ಮ ತರಗತಿಯ ಸಂಖ್ಯೆಗಿಂತ ನಾಲ್ಕೈದು ಜಾಸ್ತಿ ಕಾರ್ಡು ಪ್ರಿಂಟ್ ತೆಗೆಸಿ, ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ವಿರಾಜಪೇಟೆಯಲ್ಲೋ ಮ್ಯಾಟ್ ಲ್ಯಾಮಿನೇಷನ್ ಸಿಗುವ ಅಂಗಡಿ ವಿಚಾರಿಸಿ. ಅಲ್ಲೇ ನೆಟ್ ಚೆನ್ನಾಗಿರುವ ಕಡೆ ಕೂತು ಫೆಟ್‌ನಿಂದ ಮೊದಲ ಮೂರು ತಿಂಗಳ ಪಾಠಕ್ಕೆ ಬೇಕಾದ ಫೈಲುಗಳನ್ನು ಇಳಿಸಿ ಎರಡು ಪೆನ್‌ಡ್ರೈವಿಗೆ ಹಾಕಿ, ಯಾಕಂದ್ರೆ ಒಂದು ಸ್ಟಾಫ್ ರೂಮಿನಲ್ಲಿ ಕಳೆದುಹೋಗುವುದು ಗ್ಯಾರಂಟಿ. ಲ್ಯಾಪ್‌ಟಾಪಿನ ಬ್ಯಾಟರಿ ಕರೆಂಟಿಲ್ಲದೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಮನೆಯಲ್ಲೇ ಒಮ್ಮೆ ನೋಡಿ. ಒಂದು ಪೀರಿಯಡ್ ನಿಲ್ಲದಿದ್ದರೆ ಶಾಲೆ ತೆರೆಯುವ ಮೊದಲೇ ಬ್ಯಾಟರಿ ಬದಲಿಸಲು ಬರೆದುಕೊಡಿ, ಮಳೆ ಶುರುವಾದ ಮೇಲೆ ರಿಪೇರಿಯವರು ಮೇಲಿನ ಊರುಗಳ ಕಡೆ ಹತ್ತುವುದಿಲ್ಲ.